ನಾಸೀರನ ಪತ್ರ ಇಳಿಯದ ದಿನಗಳು

28 ಜೂನ್ 2003, ಶನಿವಾರ
ಮೂಡಲಗಿ

ಇಂದು ಸಂಜೆ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಒಂದು ಮಹಾ ಅವಮಾನ ಘಟಿಸಿತು. ನಮ್ಮ ಓಣಿಯ ಸಮಸ್ತ ಗಣಕಯಂತ್ರಗಳ ಏಕಮೇವ ಅಧಿಪತಿ (ಓಣಿಯಲ್ಲಿರುವುದು ಒಂದೇ ಎಂಬುದನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ), ಬಿ.ಕಾಂ. ದ್ವಿತೀಯ ವರ್ಷದ ವಿದ್ಯಾರ್ಥಿ, ಶ್ರೀಮಾನ್ ಶ್ರೇಯಸ ಬಾಪುಸಾಹೇಬ ಮಗದುಮ್ಮ ಎಂಬ ನಾನು, ಎದುರು ಮನೆಯ ಟೇಲರ್ ತಾಜುದ್ದೀನ ಚಾಚಾನ ಕಣ್ಣೆದುರು ಒಂದೇ ಒಂದು ಈ-ಪತ್ರವನ್ನು ಇಳಿಸಲಾರದೆ ಸೋತೆ.

ಪ್ರಕರಣ ಹೀಗಿದೆ. ಚಾಚಾನ ಮಗಳು ಸಾಹಿರಾಗೆ ಬೆಳಗಾವಿಯ ನರ್ಸಿಂಗ್ ಸಾಲಿಯಲ್ಲಿ ಸೀಟು ಸಿಕ್ಕಿದೆ. ಜುಲೈ ಹದಿನಾಲ್ಕರೊಳಗೆ ತಂದೆ ಖುದ್ದಾಗಿ ಹೋಗಿ ಸಹಿ ಮಾಡಿ ಸೇರಿಸಬೇಕು, ಇಲ್ಲವಾದರೆ ಸೀಟು ಬೇರೆಯವರಿಗೆ. ಚಾಚಾ ಮಾತ್ರ ನಾಸೀರನನ್ನು ಕೇಳದೆ ಹೆಜ್ಜೆ ಎತ್ತಲು ತಯಾರಿಲ್ಲ. ನಾಸೀರ ಎಂದರೆ ಸಾಹಿರಾಳ ಅಣ್ಣ. ಸೌದಿಯ ಮರುಭೂಮಿಯಲ್ಲಿ ಪೈಪು ಕೂಡಿಸುವ ಕೆಲಸ. ಅಲ್ಲಿ ಫೋನ್ ಇಲ್ಲ. ಕ್ಯಾಂಪಿನ ಆಫೀಸಿನಲ್ಲಿ ವಾರಕ್ಕೊಮ್ಮೆ ಕಂಪ್ಯೂಟರ್ ಮುಂದೆ ಕೂಡ್ರಲು ಬಿಡುತ್ತಾರೆ. ಅವನ ಪತ್ರಗಳೆಲ್ಲ ನಮ್ಮ ಮನೆಯ ವಿಳಾಸಕ್ಕೇ ಬರುತ್ತವೆ. ತಮ್ಮ ಮನೆಯ ಉರ್ದು ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕಳಿಸುತ್ತಾನೆ. ಚಾಚಾಗೆ ಉರ್ದು ಬರುತ್ತದೆ, ಕನ್ನಡ ಬರುತ್ತದೆ. ಇಂಗ್ಲಿಷ್ ಅಕ್ಷರ ಮಾತ್ರ ಇರುವೆ ಸಾಲು. ಹಾಗಾಗಿ ಓದಿ ಹೇಳುವ ಪೌರೋಹಿತ್ಯ ನನ್ನದು.

ಹೋದ ವಾರ ನನ್ನಿಂದಲೇ ಬರೆಸಿ ಕೇಳಿದ್ದರು: ‘ಸಾಹಿರಾನ್ನ ಕಳಿಸಲೋ ಬ್ಯಾಡೋ?’ ಈಗ ಉತ್ತರ ಬರಬೇಕು.

ಆದರೆ ಒಂದು ಷರತ್ತು ಹಾಕಿದ್ದಾರೆ.

“ಕಾಗದದ ಮ್ಯಾಲ ಛಾಪಿಸಿ ತರಬ್ಯಾಡಪಾ. ನನ್ನ ಕಣ್ಣೆದುರಿಗೆ ಆ ಡಬ್ಬಿಯೊಳಗ ಪತ್ರ ಇಳೀಬೇಕು. ಇಳಿಯೂದು ನಾ ನೋಡಬೇಕು.”

“ನಿಮಗ ಓದಾಕ ಬರೂದಿಲ್ಲಲ್ರಿ ಚಾಚಾ.”

“ಓದಾಕ ಬರದಿದ್ರೇನಾತು? ಇಳಿಯೂದ ನೋಡಾಕ ಕಣ್ಣದಾವಲ್ಲ.”

ಇದಕ್ಕೆ ಕಾರಣ ರಾಜಪ್ಪನ ಖಾನಾವಳಿ. ಹೋದ ವರ್ಷ ರಾಜಪ್ಪನಿಗೆ ಜರ್ಮನಿಯಿಂದ ಒಂದು ಈ-ಪತ್ರ ಬಂದದ್ದು (ಛಾಪಿಸಿ ಒಯ್ದು ಓದಿ ಹೇಳಿದವನು ನಾನೇ), ಇಪ್ಪತ್ತು ಮಂದಿ ಸಾಹೇಬರು ಮಿರ್ಚಿ ಭಜಿ ತಿನ್ನಲು ಮೂಡಲಗಿಗೆ ಬರುವುದಾಗಿ ಅದರಲ್ಲಿದ್ದದ್ದು, ರಾಜಪ್ಪ ಸುಣ್ಣ ಹೊಡೆಸಿ ಟೇಬಲ್ಲಿಗೆಲ್ಲ ಹೊಸ ಬಟ್ಟೆ ಹಾಸಿದ್ದು, ಆ ಬಟ್ಟೆಯ ಅಂಚು ಹೊಲಿದವರು ಇದೇ ಚಾಚಾ ಆಗಿದ್ದದ್ದು, ಇವೆಲ್ಲ ಇತಿಹಾಸದ ಪುಟ ಸೇರಿವೆ. ಜರ್ಮನಿ ಇನ್ನೂ ಬಂದಿಲ್ಲ.

ಕರೆಂಟಿನ ಕಾಟ ಬೇರೆ. ಈ ವಾರದಿಂದ ಹಗಲೆಲ್ಲ ಇರುವುದಿಲ್ಲ, ಸಂಜೆ ಐದರ ಮೇಲೆ ಬರುತ್ತದೆ. ಏಳರ ನಂತರ ಫೋನ್ ಅಪ್ಪನ ವಶ. ಕೊಲ್ಲಾಪುರ, ಸಾಂಗಲಿಯ ಬೆಲ್ಲದ ದರ ಕೇಳುತ್ತಾ ಕೂಡುತ್ತಾರೆ. ಆದ್ದರಿಂದ ಚಾಚಾ ಸಂಜೆಯ ಅಸರ್ ನಮಾಜು ಮುಗಿಸಿ ಬಂದು, ಹೊತ್ತು ಮುಳುಗಿ ಮಗ್ರಿಬ್‌ನ ಅಜಾನ್ ಆಗುವತನಕ ನನ್ನ ಬಾಜೂ ಕೂತಿದ್ದರು. ಮೋಡೆಮ್ ಚೀರಿತು. ಕೂಡಿತು. ಕಡಿಯಿತು. ಮತ್ತೆ ಚೀರಿತು.

ಅಜಾನ್ ಆಯಿತು. ಚಾಚಾ ಎದ್ದು ಟೋಪಿ ಸರಿಮಾಡಿಕೊಂಡು, “ಖರೇನ ಬರವಲ್ದೋ, ನೀನ ಬರಗೊಡವಲ್ಲಿಯೋ?” ಎಂದು ಕೇಳಿ ಹೋದರು.

ಇದೇನು ಪ್ರಶ್ನೆ!


30 ಜೂನ್, ಸೋಮವಾರ

ಇಂದೂ ಅದೇ ಕಥೆ. ಕೂಡುತ್ತದೆ, ‘ಪತ್ರಗಳನ್ನು ನೋಡುತ್ತಿದ್ದೇನೆ’ ಎಂದು ಹೇಳುತ್ತದೆ, ಅಷ್ಟರಲ್ಲಿ ಕಟ್. ಪರದೆಯ ಮೇಲೆ ಒಂದು ಪೆಟ್ಟಿಗೆ ತೆರೆದು, ಸರ್ವರ್ ಸಿಗಲಿಲ್ಲ, ಸಂಪರ್ಕ ಪರಿಶೀಲಿಸಿ ಎಂದು ಉಪದೇಶಿಸುತ್ತದೆ. ಕೆಳಗೆ ‘ಸರಿ’ ಎಂಬ ಒಂದೇ ಗುಂಡಿ. ‘ಸರಿ ಇಲ್ಲ’ ಎಂಬ ಗುಂಡಿ ಇಡಬೇಕೆಂದು ಈ ಯಂತ್ರ ಮಾಡಿದವರಿಗೆ ತೋಚಿಲ್ಲ.

ಗೋಕಾಕದಲ್ಲಿರುವ ಏಜೆಂಟ್ ರಾವಸಾಹೇಬರಿಗೆ ಫೋನ್ ಮಾಡಿದೆ. ನಮಗೆ ಈ ಇಂಟರ್ನೆಟ್ ಕೊಟ್ಟ ಪುಣ್ಯಾತ್ಮರು ಇವರೇ.

“ಆಫ್ ಮಾಡಿ ಆನ್ ಮಾಡ್ರಿ.”

“ಮಾಡೇನ್ರಿ.”

“ಹಂಗಾದ್ರ ಆನ್ ಮಾಡಿ ಆಫ್ ಮಾಡ್ರಿ.”

ಇಂಥ ಜ್ಞಾನಿಯ ಮುಂದೆ ನಾನು ಏನು ಹೇಳಲಿ? ತಂತಿ ಬಿಚ್ಚಿ ಸಿಕ್ಕಿಸಿದೆ. ಮೋಡೆಮಿನ ಧೂಳು ಊದಿದೆ. ಗುಪ್ತಪದ ಮತ್ತೆ ಹೊಡೆದೆ. ಮನೆಯವರನ್ನೆಲ್ಲ ಪಡಸಾಲಿಯಲ್ಲಿ ಸೇರಿಸಿ ರಾಜಾಜ್ಞೆ ಹೊರಡಿಸಿದೆ: ನಾನು ಮೇಲೆ ಇದ್ದಾಗ ಕೆಳಗಿನ ಫೋನನ್ನು ಯಾರೂ ಎತ್ತತಕ್ಕದ್ದಲ್ಲ. ಎರಡಕ್ಕೂ ಒಂದೇ ತಂತಿ. ಕೆಳಗೆ ಎತ್ತಿದರೆ ಮೇಲೆ ಕಡಿಯುತ್ತದೆ. ಅವ್ವ ಎತ್ತುವುದಿಲ್ಲ ಅಂದಳು. ಆಯಿಯನ್ನು, ಅಂದರೆ ನಮ್ಮ ಅಜ್ಜಿ ಜಿನ್ನವ್ವನನ್ನು, ಪ್ರತ್ಯೇಕವಾಗಿ ವಿಚಾರಣೆ ಮಾಡಿದೆ.

“ಸಂಜೀಮುಂದ ನೀ ಫೋನ್‌ನಾಗ ಯಾರ ಕೂಡ ಮಾತಾಡತಿ?”

“ಯಾರ ಕೂಡನೂ ಇಲ್ಲ. ಮಹಾವೀರಸ್ವಾಮಿ ಆಣೆಗೂ ಇಲ್ಲ.”

ಆಯಿ ಸುಳ್ಳು ಹೇಳುವವಳಲ್ಲ. ಪ್ರಕರಣ ಮುಕ್ತಾಯ.

ಸಂಜೆ ಚಾಚಾನ ಜತೆ ಸಾಹಿರಾಳೂ ಬಂದು ಬಾಗಿಲಲ್ಲಿ ನಿಂತಿದ್ದಳು. ಮೋಡೆಮಿನ ಚೀರಾಟ ಪೂರ್ತಿ ಕೇಳಿ ತಂದೆಗೆ ತನ್ನ ಅಭಿಪ್ರಾಯ ದಯಪಾಲಿಸಿದಳು.

“ಅಬ್ಬಾ, ಇವನ ಮಷೀನ್ ನಿಮ್ಮ ಮಷೀನ್‌ಕಿಂತ ಜೋರ ಸಪ್ಪಳ ಮಾಡತೈತಿ. ಹೊಲಿಯೂದು ಮಾತ್ರ ಒಂದ ಗುಂಡೀನೂ ಇಲ್ಲ.”

ನಾನು ಸಂಯಮ ಪಾಲಿಸಿದೆ.


1 ಜುಲೈ, ಮಂಗಳವಾರ

ಇಲ್ಲ.


2 ಜುಲೈ, ಬುಧವಾರ

ಇಲ್ಲ. ಮೇಲಾಗಿ ಮನೆಯಲ್ಲಿ ಎರಡನೇ ರಣರಂಗ ತೆರೆದಿದೆ. ಅಪ್ಪ ಹೊತ್ತು ಮುಳುಗಿದ ಮೇಲೆ ಬೆಲ್ಲದ ಅಂಗಡಿಯಿಂದ ಬಂದರು. ಜೈನರಾದ ನಮ್ಮಲ್ಲಿ ಕತ್ತಲಾದ ಮೇಲೆ ಊಟವಿಲ್ಲ. ಶನಿವಾರದಿಂದ ಇದೇ ಹಾಡಂತೆ: ಬರೀ ನೀರು ಕುಡಿದು ಮಲಗುತ್ತಿದ್ದಾರೆ. ನನಗೆ ಯಂತ್ರದ ಧ್ಯಾನದಲ್ಲಿ ಗೊತ್ತೇ ಆಗಿರಲಿಲ್ಲ.

“ನನ್ನ ಉಪವಾಸ ಕೆಡವಾಕ ಯಾರ ಕಾರಸ್ಥಾನ ಮಾಡಾಕತ್ತೀರಿ?” ಎಂದು ಅಪ್ಪ ಕೂಗಿದರು. ಎಲ್ಲರೂ ನನ್ನ ಕಡೆ ನೋಡಿದರು. ಈ ಮನೆಯಲ್ಲಿ ಹಾಲು ಒಡೆದರೂ ನನ್ನ ಕಡೆಯೇ ನೋಡುತ್ತಾರೆ.

ಚಾಚಾ ಇಂದು ಸಾಲಿ ಸಮವಸ್ತ್ರದ ರಾಶಿ ಬಿಟ್ಟು ಬಂದಿದ್ದರು. ಕಿವಿಯ ಹಿಂದೆ ಸೀಮೆಸುಣ್ಣದ ತುಂಡು ಹಾಗೇ ಇತ್ತು. ಪರದೆ ನೋಡುತ್ತಾ ಒಮ್ಮೆ ಕಣ್ಣು ಮುಚ್ಚಿದರು, ತೂಕಡಿಕೆ. ಎಬ್ಬಿಸುವಂಥದ್ದು ನನ್ನ ಬಳಿ ಏನೂ ಇರಲಿಲ್ಲ. ಸೀಮೆಸುಣ್ಣದಿಂದ ಮೀಸೆ ಬರೆಯುವ ಒಳ್ಳೆಯ ಅವಕಾಶ. ಯಾಕೋ ಬೇಸರವಾಗಿ ಬಿಟ್ಟೆ.


4 ಜುಲೈ, ಶುಕ್ರವಾರ

ಅಪರಾಧಿಯ ಪತ್ತೆಯಾಯಿತು! ಈ ದಿನವನ್ನು ಬಂಗಾರದ ಅಕ್ಷರಗಳಲ್ಲಿ ಬರೆಯಬೇಕಿತ್ತು, ಆದರೆ ರೀಫಿಲ್ ನೀಲಿಯದು.

ಸಂಜೆ ಮೋಡೆಮ್ ಕೂಡಿ ಕಡಿದ ಕೂಡಲೇ ಮೆಟ್ಟಿಲನ್ನು ಕಳ್ಳಬೆಕ್ಕಿನ ಹಾಗೆ ಇಳಿದೆ. ಪಡಸಾಲಿಯಲ್ಲಿ ಆಯಿ, ಕೈಯಲ್ಲಿ ಫೋನಿನ ರಿಸೀವರ್. ಕಿವಿಯಿಂದ ಒಂದು ಗೇಣು ದೂರ ಹಿಡಿದು ಅದನ್ನು ಬೈಯುತ್ತಿದ್ದಳು.

“ಆಯಿ! ಆಣೆ ಮಾಡಿದ್ದೆಲ್ಲ, ಫೋನ್ ಮಾಡೂದಿಲ್ಲ ಅಂತ!”

“ಮಾಡಿಲ್ಲಲೋ ನಾ. ಬರೀ ಎರಡ ರಿಂಗ ಕೊಡತೀನಿ.”

ವಿಷಯ ಇಷ್ಟೇ. ಅಡುಗೆಯಾದ ಮೇಲೆ, ಹೊತ್ತು ಮುಳುಗುವ ಮುಂಚೆ, ಆಯಿ ಅಂಗಡಿಯ ಫೋನಿಗೆ ಎರಡು ರಿಂಗ್ ಕೊಟ್ಟು ಇಟ್ಟುಬಿಡುತ್ತಾಳೆ. ಅಪ್ಪ ಎತ್ತುವುದಿಲ್ಲ, ರಿಂಗ್ ಕೇಳಿದೊಡನೆ ಗಲ್ಲಾಪೆಟ್ಟಿಗೆಗೆ ಕೀಲಿ ಹಾಕಿ ಊಟಕ್ಕೆ ಹೊರಡುತ್ತಾರೆ. ಪುಕ್ಕಟೆ ಸಂದೇಶ. ನಾನು ಹುಟ್ಟಿದಾಗಿನಿಂದ ನೋಡಿದ ಪದ್ಧತಿ, ಆದರೆ ಅದು ‘ಫೋನ್’ ಎಂದು ನನ್ನ ತಲೆಗೂ ಹೊಳೆದಿರಲಿಲ್ಲ. ಮಾತಾಡಿದರೆ ತಾನೇ ಫೋನ್!

ಆಯಿ ಎತ್ತಿದೊಡನೆ ನನ್ನದು ಕಡಿಯುತ್ತಿತ್ತು. ನಾನು ಸಿಟ್ಟಿನಿಂದ ತಕ್ಷಣ ಮತ್ತೆ ಡಯಲ್ ಮಾಡುತ್ತಿದ್ದೆ, ಆಯಿಗೆ ಕಿವಿಯಲ್ಲಿ ಚೀರಾಟ. ಅವಳು ಇಟ್ಟು ಮತ್ತೆ ಎತ್ತುತ್ತಿದ್ದಳು, ನನ್ನದು ಮತ್ತೆ ಕಡಿತ. ಹೀಗೆ ಅಜ್ಜಿ-ಮೊಮ್ಮಗ ಒಂದು ವಾರ ಒಬ್ಬರಿಗೊಬ್ಬರು ಕಾಣದೆ ಜಗ್ಗಾಡಿದ್ದೇವೆ. ಮೇಲೆ ಪತ್ರ ಇಳಿದಿಲ್ಲ, ಕೆಳಗೆ ಅಪ್ಪ ಉಂಡಿಲ್ಲ.

“ಅದರೊಳಗ ಯಾರೋ ನರಿ ಕೊಯ್ಯಾಕತ್ತಿದ್ರಲೋ,” ಎಂದಳು ಆಯಿ. “ಎಕ್ಸಚೇಂಜ್‌ದಾಗ ನಿನ್ನಂಥಾಂವ ಯಾವನೋ ಸೇರ್ಯಾನ ಅನಕೊಂಡೆ.”

ಸಂಧಿ ಏರ್ಪಟ್ಟಿತು. ನಾಳೆಯಿಂದ ಎರಡು ರಿಂಗ್ ರದ್ದು. ಬದಲಿಗೆ ನಾನೇ ಸೈಕಲ್ ಮೇಲೆ ಹೋಗಿ ಅಪ್ಪನನ್ನು ಕರೆಯತಕ್ಕದ್ದು.

ಚಾಚಾನಿಗೆ ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದೆ: “ಸಿಕ್ಕತ್ರೀ ಚಾಚಾ! ನಾಳಿಗೆ ನೂರಕ್ಕ ನೂರ!”


5 ಜುಲೈ, ಶನಿವಾರ

ನೂರಕ್ಕೆ ಸೊನ್ನೆ.

ಸೈಕಲ್ ಹೊಡೆದೆ, ಅಪ್ಪನನ್ನು ಕರೆತಂದೆ, ಅಪ್ಪ ಬೆಳಕಿನಲ್ಲಿ ಉಂಡು ತೇಗಿದರು. ಮೇಲೆ ಮೋಡೆಮ್ ಕೂಡಿತು, ಕಡಿಯಲಿಲ್ಲ! ಎರಡು ಪತ್ರಗಳಿವೆ ಎಂದು ಬಂತು. ಚಾಚಾ ಕುರ್ಚಿ ಮುಂದೆ ಎಳೆದುಕೊಂಡರು. ‘ಎರಡರಲ್ಲಿ ಮೊದಲನೆಯದು ಇಳಿಯುತ್ತಿದೆ.’ ನೀಲಿ ಪಟ್ಟಿ ತುಸು ಸರಿಯಿತು. ಇನ್ನೂ ತುಸು. ಅಲ್ಲೇ ನಿಂತಿತು. ನಾವಿಬ್ಬರೂ ಅದನ್ನು ನೋಡುತ್ತಾ ಕೂತೆವು. ನನ್ನ ಜನ್ಮದಲ್ಲಿ ಇಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದಿಲ್ಲ. ಕೊನೆಗೆ ಸರ್ವರ್ ಕಾದು ಸಾಕಾಗಿ ಕೈ ಬಿಟ್ಟಿದೆ ಎಂದು ಪೆಟ್ಟಿಗೆ ತೆರೆಯಿತು. ಮತ್ತೆ ಕೂಡಿಸಿದರೆ ಮೊದಲಿನಿಂದ ಶುರು. ಮತ್ತೆ ಅಲ್ಲೇ ನಿಂತಿತು.

ಹಾಗಾದರೆ ಸರ್ವರ್ ಕಾದಿದ್ದು! ನಾವು ಕಾದಿಲ್ಲವೇ?

ಚಾಚಾ ಕುರ್ಚಿಯನ್ನು ಮೊದಲಿದ್ದಲ್ಲಿಗೇ ಸರಿಸಿಟ್ಟು ಹೋದರು. ಬೈದಿದ್ದರೆ ಉತ್ತರ ಸಿದ್ಧವಿತ್ತು.


6 ಜುಲೈ, ಭಾನುವಾರ

ಮಧ್ಯಾಹ್ನ ರಶೀದಾಬಿ ಚಾಚಿ ಬಂದಿದ್ದರು. ಸಾಹಿರಾಳ ತಾಯಿ. ಕೈಯಲ್ಲಿ ಶೀರ್ ಖುರ್ಮಾ ಪಾಯಸದ ಬಟ್ಟಲು. ಈದ್ ಇಲ್ಲ, ಏನಿಲ್ಲ. ಲಂಚದ ವಾಸನೆ ಕೇಸರಿಗಿಂತ ಮೊದಲು ಬಡಿಯಿತು.

ಅವ್ವ ಹಿತ್ತಲಿಗೆ ಹೋಗುವತನಕ ಆ ಮಾತು ಈ ಮಾತು ಆಡಿ, ಆಮೇಲೆ ದನಿ ತಗ್ಗಿಸಿದರು.

“ಬೇಟಾ, ನಾಸೀರಂದು ಪತ್ರ ಬರೂದಿಲ್ಲ ಅಂದ್ರ ಹೆಂಗ?”

“ಬರತೈತ್ರಿ ಚಾಚಿ. ಅಡ್ಡ ಏನೋ ಸಿಕ್ಕೇತಿ.”

“ನಿನಗ ಗೊತ್ತೈತಿ. ಇವರು ಹೂಂ ಅನ್ನಾವ್ರ ಅದಾರ. ಮನಸಿನಾಗ ಹೂಂ ಐತಿ. ಬರೀ ಮಗನ ಬಾಯಿಲೆ ಒಂದ ಮಾತ ಬೇಕಾಗೇತಿ.” ಸೆರಗಿನ ತುದಿ ಬೆರಳಿಗೆ ಸುತ್ತಿದರು. “ರಾಜಪ್ಪಗ ಜರ್ಮನಿಯವ್ರು ಬರದಿದ್ರಲ್ಲ… ಅಂಥಾದ ಒಂದು.”

ಇದಕ್ಕಿಂತ ದೊಡ್ಡ ಬಿರುದು ನನಗೆ ಯಾರೂ ಕೊಟ್ಟಿರಲಿಲ್ಲ. ಊರಿನ ಗೌರವಸ್ಥ ಗೃಹಿಣಿಯೊಬ್ಬಳು ನನ್ನ ಕಲೆಯನ್ನು ಮೆಚ್ಚಿ, ಶೀರ್ ಖುರ್ಮಾ ಸಮೇತ, ಕೆಲಸ ಒಪ್ಪಿಸುತ್ತಿದ್ದಾಳೆ. ಕೆಲಸವೂ ಸುಲಭ. ನಾಸೀರ ಹೇಗೆ ಬರೆಯುತ್ತಾನೆಂದು ನನಗೆ ಬಾಯಿಪಾಠ. ಶುರುವಿಗೆ ಸಲಾಂ, ಕೊನೆಗೆ ಬಿಸಿಲಿನ ಬೈಗುಳ. ಹೊಸದೊಂದು ವಿಳಾಸ ತೆರೆದು, ಅವನ ಹೆಸರಿಟ್ಟು ಅಲ್ಲಿಗೇ ಕಳಿಸಿದರೆ, ಚಾಚಾನ ಕಣ್ಣೆದುರೇ ಇಳಿಯುತ್ತದೆ.

“ಆಗೂದಿಲ್ರಿ ಚಾಚಿ. ಹಂಗ ಮಾಡಿದ್ರ ಮಷೀನ್‌ಗೆ ಗೊತ್ತಾಗತೈತಿ,” ಎಂದೆ.

ಎಂಥ ಮಷೀನಿಗೂ ಏನೂ ಗೊತ್ತಾಗುವುದಿಲ್ಲ. ಯಾಕೆ ಹಾಗೆ ಹೇಳಿದೆನೋ.

ಚಾಚಿ ಬಟ್ಟಲು ಬಿಟ್ಟೇ ಹೋದರು. ಆಯಿ ಅದನ್ನು ನೋಡಿ, “ನೀ ಯಾಕ ತಿಂದಿಲ್ಲ?” ಅಂದಳು. ಹೊಟ್ಟೆ ತುಂಬೇತಿ, ಅಂದೆ.


8 ಜುಲೈ, ಮಂಗಳವಾರ

ಅಡ್ಡ ಸಿಕ್ಕಿರುವುದು ಆನೆ. ಆನೆಯನ್ನು ಬಿಟ್ಟವನು ಸಮ್ಮೇದ.

ಸಮ್ಮೇದ ಎಂದರೆ ಹುಕ್ಕೇರಿಯ ನನ್ನ ಅತ್ತೆಯ ಮಗ. ಹೊಸ ಡಿಜಿಟಲ್ ಕ್ಯಾಮರಾ ಕೊಂಡಿದ್ದಾನೆ. ಇಂದು ನಾನು ಅಪ್ಪನ ಅಂಗಡಿಯಲ್ಲಿದ್ದಾಗ ಅಲ್ಲಿಗೆ ಫೋನ್ ಮಾಡಿ ಕೇಳಿದ, “ಏನಲೇ, ಫೋಟೋ ಮುಟ್ಟಿದ್ವು? ಆಯಿ ನೋಡಿದಳು?”

“ಯಾವ ಫೋಟೋ?”

“ಚಾತುರ್ಮಾಸಕ್ಕ ಮುನಿ ಮಹಾರಾಜರು ಹುಕ್ಕೇರಿಗೆ ಬಂದಾರಲ್ಲ, ಅವರ ಮೆರವಣಿಗೀದು. ಆಯಿ ಕೇಳಿದ್ದಳು. ಎಲ್ಲಾ ಒಂದ ಪತ್ರದಾಗ ಹಾಕಿ ಕಳಿಸೇನಿ, ಹೋದ ತಿಂಗಳ ಕೊನೀಗೆ. ಸಣ್ಣು ಮಾಡಿಲ್ಲ ಮತ್ತ. ದೊಡ್ಡೂ ಇದ್ರ ಛಲೋ ಕಾಣತಾವು.”

ತಲೆಯಲ್ಲಿ ದೀಪ ಹತ್ತಿತು. ಸರ್ವರಿನಲ್ಲಿ ಪತ್ರಗಳು ಪಾಳಿ ಹಚ್ಚಿ ನಿಂತಿರುತ್ತವೆ. ಮುಂದೆ ಸಮ್ಮೇದನ ಆನೆ, ಬಾಗಿಲಲ್ಲಿ ಸಿಕ್ಕಿಬಿದ್ದಿದೆ. ಅದು ದಾಟದೆ ಹಿಂದಿನದು ಬರುವಂತಿಲ್ಲ. ನಮ್ಮ ಮೋಡೆಮಿನ ಸಣ್ಣ ಕಿಂಡಿಯಲ್ಲಿ ಆ ಆನೆ ಈ ಜನ್ಮದಲ್ಲಿ ದಾಟುವುದಿಲ್ಲ. ಎರಡನೆಯ ಪತ್ರ ನಾಸೀರನದೇ. ಮತ್ತಾರು ನಮಗೆ ಬರೆಯುತ್ತಾರೆ? ಜರ್ಮನಿಯವರೇ?

ರಾವಸಾಹೇಬರಿಗೆ ಫೋನ್ ಮಾಡಿದೆ. ಅವರ ಅಂಗಡಿಯಲ್ಲಿ ಕಂಪನಿಯ ಜೋರಾದ ಲೈನ್ ಇದೆ. ಅಲ್ಲಿಂದ ಸರ್ವರಿನೊಳಗೆ ಕೈ ಹಾಕಿ ಮೊದಲ ಪತ್ರ ತೆಗೆದುಹಾಕಬಹುದೇ ಎಂದೆ. “ಆಗತೈತಿ. ಆದ್ರ ನೀವ ಬರಬೇಕು,” ಎಂದರು. ಆಗುತ್ತದೆ ಅನ್ನುವುದನ್ನು ಹೇಳಲು ಈ ಮನುಷ್ಯನಿಗೆ ಒಂದು ವಾರ ಬೇಕಾಯಿತು!

ಈಗ ಆಯಿಗೆ ಹೇಳಬೇಕು. ಮುನಿ ಮಹಾರಾಜರ ಚಿತ್ರ ಅಳಿಸುವುದು ಪಾಪಗಳ ಯಾವ ವರ್ಗದಲ್ಲಿ ಬರುತ್ತದೋ ತಿಳಿಯದು. ಆಯಿ ಕಾಳು ಆರಿಸುತ್ತಿದ್ದಳು, ಒಂದೊಂದೇ ಜೀವ ಹುಡುಕಿ ಪಕ್ಕಕ್ಕೆ ಬಿಡುತ್ತಿದ್ದಳು. ಎಲ್ಲ ಹೇಳಿದೆ. ನಡುವೆ ನಗಿಸುವ ಒಂದೆರಡು ಮಾತು ಸೇರಿಸಿಕೊಂಡಿದ್ದೆ, ಬಾಯಿಗೆ ಬರಲಿಲ್ಲ.

ಆಯಿ ಮೊರ ಕೆಳಗಿಟ್ಟಳು.

“ಮಹಾರಾಜರು ನಾಕ ತಿಂಗಳ ಅಲ್ಲೇ ಇರತಾರ. ನಾ ಬಸ್ ಹತ್ತಿ ಹೋಗಿ ನೋಡತೀನಿ. ಆ ಹುಡುಗೀಗೆ ಎಷ್ಟ ದಿನ ಐತಿ?”

“ಸೋಮವಾರತನಾ.”

“ಮತ್ತ ಇಲ್ಲೇನ ನಿಂತಿ?”


10 ಜುಲೈ, ಗುರುವಾರ

ನಿನ್ನೆ ಗೋಕಾಕಕ್ಕೆ ಹೋದರೆ ಅಂಗಡಿ ಬಾಗಿಲು ಮುಚ್ಚಿತ್ತು. ಇಂದು ಮತ್ತೆ ಹೋದೆ.

ರಾವಸಾಹೇಬರು ಕರಿಯ ಪರದೆ ತೆರೆದು ಬಿಳಿ ಅಕ್ಷರದಲ್ಲಿ ಏನೋ ಹೊಡೆದರು. ಎರಡು ಸಾಲು ಬಂದವು. ಒಂದರ ಮುಂದೆ ಉದ್ದದ ಅಂಕಿ. ಇನ್ನೊಂದರ ಮುಂದೆ ಸಣ್ಣದು.

“ಆನಿ, ಇರುವಿ,” ಎಂದೆ. ಅವರು ನಗಲಿಲ್ಲ.

ಅಳಿಸುವ ಮುಂಚೆ ಯಾವುದು ಯಾರದೆಂದು ಖಾತ್ರಿ ಮಾಡಬೇಕೆಂದು ಸಣ್ಣದನ್ನು ತೆರೆದು ತೋರಿಸಿದರು. ನಾಸೀರನದೇ. ಪೂರ್ತಿ ಪತ್ರ ಪರದೆಯ ಮೇಲೆ ಇತ್ತು.

ಓದಿದೆ.

ಬೇಡ ಅಂತ ಬರೆದಿದ್ದಾನೆ.

“ಮೊದಲನೇದು ಅಳಿಸಿದೆ. ಇದನ್ನೂ ತೆಗೀಲಿ?” ಎಂದು ಕೇಳಿದರು. ಬೆರಳು ಗುಂಡಿಯ ಮೇಲೇ ಇತ್ತು.

“ಬ್ಯಾಡ್ರಿ,” ಎಂದೆ.

ಬಸ್ಸಿನಲ್ಲಿ ಸೀಟು ಇರಲಿಲ್ಲ. ಮುಟ್ಟುವಷ್ಟರಲ್ಲಿ ಅಜಾನ್ ಆಗಿ, ಚಾಚಾ ಬಂದು ಹೋಗಿದ್ದರಂತೆ.


11 ಜುಲೈ, ಶುಕ್ರವಾರ

ಸಂಜೆ ಸೈಕಲ್ ಹೊಡೆದು ಅಪ್ಪನನ್ನು ಕರೆತಂದೆ. ಮುಖ ತೊಳೆದೆ. ಚಾಚಾ ಬಂದರು. ಹಿಂದೆ ಸಾಹಿರಾ, ಬಾಗಿಲಲ್ಲಿ.

ಮೋಡೆಮ್ ಕೂಡಿತು. ಒಂದು ಪತ್ರವಿದೆ ಎಂದಿತು. ನೀಲಿ ಪಟ್ಟಿ ಸರ್ರನೆ ಓಡಿ ತುಂಬಿತು. ಇಷ್ಟು ದಿನ ಕಾದ ವಿಷಯ ಆಕಳಿಸುವಷ್ಟರಲ್ಲಿ ಮುಗಿಯಿತು. ಸುಡುಗಾಡು ಯಂತ್ರ, ಇಂದಾದರೂ ಒಂದಿಷ್ಟು ತಡ ಮಾಡಬಾರದಿತ್ತೇ!

“ಬಂತು?” ಎಂದರು ಚಾಚಾ.

“ಬಂತ್ರಿ.”

“ಓದು.”

ಓದಿದೆ. ನಾಸೀರನ ಮಾತಲ್ಲೇ ಓದಿದೆ. ಅದರ ತಾತ್ಪರ್ಯ ಹೀಗಿತ್ತು: ಅಬ್ಬಾ, ಸಲಾಂ. ಸಾಹಿರಾನ್ನ ಬೆಳಗಾವಿಗೆ ಕಳಿಸಬೇಡಿ. ಪರರ ಮೈ ಒರೆಸುವ ಕೆಲಸ ನಮ್ಮ ಮನೆಯ ಹುಡುಗಿಗೆ ಬೇಕಿಲ್ಲ. ನಾನು ಮುಂದಿನ ವರ್ಷ ಬರುತ್ತೇನೆ, ಅಲ್ಲಿತನಕ ಅವಳು ಮನೆಯಲ್ಲಿರಲಿ. ನನ್ನ ಪಗಾರದ ಮೇಲೆ ನಡೆಯುವ ಮನೆಯಲ್ಲಿ ನನ್ನ ಮಾತು ನಡೆಯಬೇಕು. ಇಲ್ಲಿ ಬಿಸಿಲು ಹೇಳತೀರದು.

ಬಿಸಿಲಿನ ಸಾಲನ್ನೂ ಬಿಡಲಿಲ್ಲ.

ಚಾಚಾ ಪರದೆಯನ್ನೇ ನೋಡುತ್ತಿದ್ದರು. “ಇನ್ನೊಮ್ಮೆ ಓದು,” ಎಂದರು. ಇನ್ನೊಮ್ಮೆ ಓದಿದೆ. ಆಮೇಲೆ ಪರದೆ ಬಿಟ್ಟು ನನ್ನನ್ನು ನೋಡತೊಡಗಿದರು. ಬಟ್ಟೆಯ ಉದ್ದ-ಅಗಲ ಕಣ್ಣಲ್ಲೇ ಅಳೆಯುವಾಗ ನೋಡುವ ಹಾಗೆ.

“ನೀ ಹೂಂ ಅಂತ ಓದತಿ ಅನಕೊಂಡಿದ್ದೆ,” ಎಂದರು. “ಓದಿದ್ರ ನಾ ನಂಬತಿರಲಿಲ್ಲ.”

ಟೋಪಿ ಸರಿಮಾಡಿಕೊಂಡು ಇಳಿದು ಹೋದರು. ಅಜಾನ್ ಇನ್ನೂ ಆಗಿರಲಿಲ್ಲ.

ಸಾಹಿರಾ ಅಲ್ಲೇ ನಿಂತಿದ್ದಳು. ಅಳುತ್ತಾಳೆ ಎಂದುಕೊಂಡೆ. ಅತ್ತಿದ್ದರೆ ಚೆನ್ನಾಗಿತ್ತು.

“ಊರಿಗೆಲ್ಲ ಸುಳ್ಳ ಪತ್ರ ಓದಿ ಹೇಳಾಂವ,” ಎಂದಳು, “ನನ್ನ ಪಾಳಿ ಬಂದಾಗ ಹರಿಶ್ಚಂದ್ರ ಆದೆಲ್ಲೋ!”

ಅಂದವಳೇ ದಡದಡ ಮೆಟ್ಟಿಲಿಳಿದಳು. ಅವಳು ಹೇಳಿದ್ದೇ ಸರಿ ಇರಬೇಕು. ಗೋಕಾಕದಲ್ಲಿ ‘ತೆಗೀರಿ’ ಎಂದಿದ್ದರೆ ಮುಗಿದಿತ್ತು. ಚಾಚಿ ಶೀರ್ ಖುರ್ಮಾ ತಂದ ದಿನ ಹತ್ತು ಸಾಲು ಕುಟ್ಟಿದ್ದರೆ ಮುಗಿದಿತ್ತು. ಭಜಿ ತಿನ್ನಲು ಜರ್ಮನಿಯವರನ್ನು ಕರೆಸಿದವನಿಗೆ ಒಂದು ‘ಹೂಂ’ ಬರೆಯಲು ಏನು ಧಾಡಿ?

ಇಂದಿನಿಂದ ಈ ಯಂತ್ರವನ್ನು ಮುಟ್ಟುವುದಿಲ್ಲ. ಇದು ಶಪಥ.


12 ಜುಲೈ, ಶನಿವಾರ

ಚಾಚಾನ ಹೊಲಿಗೆ ಮಷೀನ್ ಸಪ್ಪಳ ಹಗಲೆಲ್ಲ ಕೇಳಿತು. ಊಟದ ಹೊತ್ತಿಗೂ ನಿಲ್ಲಲಿಲ್ಲ.


13 ಜುಲೈ, ಭಾನುವಾರ

ಬೆಳಿಗ್ಗೆ ಹಲ್ಲು ತಿಕ್ಕುತ್ತಾ ಕಟ್ಟೆಯ ಮೇಲೆ ನಿಂತಿದ್ದೆ. ಎದುರಿನಿಂದ ಚಾಚಾ ಕೈ ಸನ್ನೆ ಮಾಡಿ ಕರೆದರು. ಕಟ್ಟೆ ಇಳಿದು ಹೋದೆ. ಅಂಗಡಿ ತುಂಬ ಸಮವಸ್ತ್ರದ ನೀಲಿ ಚಡ್ಡಿಗಳು, ಮಡಿಚಿ ಕಟ್ಟಿದ ಗಂಟುಗಳು.

“ಆ ಪತ್ರದಾಗ ಪಗಾರದ ಮಾತ ಒಂದ ಬಂತಲ್ಲ. ಅದನ್ನ ಹೇಳು.”

ಬಾಯಿಪಾಠವೇ ಆಗಿತ್ತು. ಹೇಳಿದೆ.

“ಅಂವಾ ಬರದಾನೋ, ನೀ ಸೇರಿಸಿದಿಯೋ?”

“ಅವಂದ ಐತ್ರಿ ಚಾಚಾ.”

ಚಾಚಾ ಮಷೀನಿನ ಗಾಲಿಯ ಮೇಲೆ ಕೈ ಇಟ್ಟರು. ಒಳಗಿಂದ ರಶೀದಾಬಿ ಚಾಚಿಯ ಬಳೆ ಸಪ್ಪಳ ನಿಂತಿತು. ಕೇಳುತ್ತಿದ್ದರು ಅಂತ ಕಾಣುತ್ತದೆ.

“ಅವನ ಪಾಸಪೋರ್ಟ್ ಮಾಡಿಸಿದ್ದು ಇದ ಮಷೀನ್,” ಎಂದರು ಚಾಚಾ. “ಅಂವಾ ಹೋದ ಮ್ಯಾಲ ಬಂದ ಬಿದ್ದೇತೇನಿದು? ಮನಿ ನಡಸಾಂವ ಅಂತ ಅವನ್ನ ಕೇಳಲಿಲ್ಲ ನಾ. ಅಕಿ ಅಣ್ಣ ಅಂತ ಕೇಳಿದೆ.”

ಒಳಗಿಂದ ಚಾಚಿ, “ಅವಂಗೇನ ತಿಳೀತೈತ್ರಿ, ಬಿಸಲಾಗ ಅದಾನ ಪಾಪ,” ಎಂದರು.

“ಅದಾನ. ಅದಕ್ಕ ಸಿಟ್ಟ ಮಾಡವಲ್ಲೆ,” ಎಂದರು ಚಾಚಾ. ಗಾಲಿ ತಿರುಗಿಸಿದರು. ಬಾಯಲ್ಲಿ ಪೇಸ್ಟ್ ಹಾಗೇ ಇತ್ತು. ಹೊರಗೆ ಹೋಗಿ ಉಗುಳಿದೆ.


14 ಜುಲೈ, ಸೋಮವಾರ

ಬೆಳಿಗ್ಗೆ ಎದ್ದಾಗ ಚಾಚಾನ ಅಂಗಡಿಗೆ ಕೀಲಿ. ನಾನು ಕಂಡಂತೆ ಸೋಮವಾರ ಅದು ಮುಚ್ಚಿದ್ದಿಲ್ಲ. ಆಯಿ ಕಟ್ಟೆಯ ಮೇಲೆ ನಿಂತು ಓಣಿಯ ತಿರುವಿನ ಕಡೆ ನೋಡುತ್ತಿದ್ದಳು.

“ಯಾರನ್ನ ನೋಡಾಕತ್ತಿ?”

“ಹ್ವಾದ್ರು. ನಸಕಿನ್ಯಾಗ, ಮೊದಲನೇ ಬಸ್ಸಿಗೆ. ಟ್ರಂಕ ಹೊತ್ತಾಂವ ತಾಜುದ್ದೀನ. ಬೆನ್ನಹಿಂದ ಹುಡುಗಿ.” ಆಮೇಲೆ ಸೇರಿಸಿದಳು, “ನಿನ್ನ ಎಬ್ಬಸಲಾ ಅಂತ ಕೇಳಿದೆ. ಬ್ಯಾಡ್ರಿ, ಮಕ್ಕೊಂಡಿರಲಿ, ಅಂದಳು.”

ಶಪಥ ಮುರಿಯಬೇಕಾಯಿತು. ಸಂಜೆ ಕರೆಂಟ್ ಬಂದ ಹೊತ್ತಿಗೆ ಯಂತ್ರ ಹಚ್ಚಿಟ್ಟೆ. ಯಾಕೆಂದು ಕೇಳಬಾರದು, ಧೂಳು ಕೂಡಬಾರದಲ್ಲ.

ಚಾಚಾ ಬಂದರು. ಬೆಳಗಾವಿಯ ಬಸ್ಸಿನ ಧೂಳು ಇನ್ನೂ ಅಂಗಿಯ ಮೇಲಿತ್ತು. ತಮ್ಮ ಕುರ್ಚಿಯಲ್ಲಿ ಕೂತು, “ಬರಿ,” ಎಂದರು. ಅವರು ಹೇಳಿದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದೆ: ‘ಸಾಹಿರಾನ್ನ ಸೇರಿಸಿ ಬಂದೆ. ಹಾಸ್ಟೆಲ್ ಛಲೋ ಐತಿ. ಕಿಡಕಿಗೆ ಜಾಳಿಗಿ ಐತಿ. ಬಿಸಲಾಗ ತಲಿಗೆ ಬಟ್ಟಿ ಸುತ್ತಿಕೊ. ಅಬ್ಬಾ.’

“ಇಷ್ಟ ಏನ್ರಿ?”

“ಇಷ್ಟ. ಇದ್ದಷ್ಟ ಬಟ್ಟ್ಯಾಗ ಹೊಲದ ಬಿಡಬೇಕು. ಎಳದ್ರ ಹರೀತೈತಿ.”

ಕಳಿಸುವ ಗುಂಡಿ ಒತ್ತಿದೆ. ಮೋಡೆಮ್ ಚೀರಿತು, ಕೂಡಿತು. ಪಟ್ಟಿ ಅರ್ಧ ಸರಿದು ನಿಂತಿತು. ಕಳಿಸುವ ಸರ್ವರ್ ಸಿಗುತ್ತಿಲ್ಲ ಎಂಬ ಪೆಟ್ಟಿಗೆ ತೆರೆಯಿತು. ಇಳಿಸುವ ಸರ್ವರ್ ಒಂದು, ಕಳಿಸುವ ಸರ್ವರ್ ಇನ್ನೊಂದು. ಈಗ ಇವನ ಪಾಳಿ! ನನ್ನ ಮೈಯೆಲ್ಲ ಉರಿದುಹೋಯಿತು. ಮತ್ತೆ ಒತ್ತಿದೆ. ಮತ್ತೆ ಅದೇ ಪೆಟ್ಟಿಗೆ. ತಂತಿ ಬಿಚ್ಚಿ ಸಿಕ್ಕಿಸಲು ಮೇಜಿನ ಕೆಳಗೆ ತೂರಿದೆ.

“ಏನಂತೈತಿ?” ಎಂದು ಮೇಲಿಂದ ಕೇಳಿದರು ಚಾಚಾ.

“ಒಲ್ಲೆ ಅಂತೈತ್ರಿ. ಪತ್ರ ಹೋಗವಲ್ದು. ಒಂದ ಮಿನಿಟ ತಡೀರಿ, ಇವನೌನ, ಇವತ್ತ ಇದನ್ನ…”

ಚಾಚಾ ನಕ್ಕರು. ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿ ನೋಡಿದೆ. ಖರೆಯೇ ನಗುತ್ತಿದ್ದರು.

“ಎದ್ದ ಬಾರೋ. ಬಿಡ ಅದನ್ನ.”

“ನಾಸೀರಗ ಗೊತ್ತಾಗಬೇಕಲ್ರಿ.”

“ಗೊತ್ತಾಗತೈತಿ, ಇವತ್ತಿಲ್ಲಂದ್ರ ನಾಳೆ. ಹುಡುಗಿ ಮುಟ್ಟ್ಯಾಳಲ್ಲ. ಪತ್ರ ತಡಾ ಆದ್ರ ಆಗವಲ್ದ್ಯಾಕ.”

ಮೊಣಕಾಲಿನ ಧೂಳು ಜಾಡಿಸಿಕೊಂಡು ಎದ್ದೆ. ಪತ್ರ ಕಳಿಸುವ ಪೆಟ್ಟಿಗೆಯಲ್ಲೇ ಕೂತಿದೆ. ಮತ್ತೆ ಡಯಲ್ ಮಾಡಲಿಲ್ಲ. ಮೋಡೆಮ್ ಆರಿಸಿದೆ, ಪರದೆ ಆರಿಸಿದೆ. ನೋಡಲು ಏನೂ ಉಳಿದಿರಲಿಲ್ಲ. ಆದರೂ ಚಾಚಾ ಏಳಲಿಲ್ಲ. ಕಿಟಕಿಯಿಂದ ತಮ್ಮ ಮನೆಯ ಬಾಗಿಲು ನೋಡುತ್ತಾ ಕೂತರು. ನಾನೂ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತೆ.